ಹತ್ತೊಂಬತ್ತು ತಂಡ, ಎರಡೇ ದಿನ: ನಾಕೌಟೋ ಲೀಗೋ? ಎಫ್‌ಎ ಕಪ್ ಕಥೆ ಗೊತ್ತಿರುವವರು ಹೇಳಿ

ಮಳೆಗಾಡಿನವನು
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವನು ನಾನು. ದೀಪಾವಳಿ ಕಳೆದ ಮೇಲೆ, ಕೊನೆಕೊಯ್ಲು ಜೋರಾಗುವ ಮೊದಲು, ನಮ್ಮೂರ ಶಾಲಾ ಮೈದಾನದಲ್ಲಿ ತಾಲ್ಲೂಕು ಮಟ್ಟದ ಸೆವೆನ್ಸ್ (ಏಳೇಳು ಜನರ) ಫುಟ್‌ಬಾಲ್ ಪಂದ್ಯಾವಳಿ ಇಟ್ಟುಕೊಂಡಿದ್ದೇವೆ. 19 ತಂಡಗಳು ಹೆಸರು ಕೊಟ್ಟಿವೆ. ಮೈದಾನ ಸಿಗುವುದು ಶನಿವಾರ, ಭಾನುವಾರ ಮಾತ್ರ. ಸೋಮವಾರ ಪ್ರಾರ್ಥನೆಯ ಗಂಟೆ ಹೊಡೆಯುವುದರೊಳಗೆ ಗೋಲಿನ ಕಂಬ ಕಿತ್ತಿರಬೇಕು ಎಂದು ಮುಖ್ಯೋಪಾಧ್ಯಾಯರು ಖಡಾಖಂಡಿತವಾಗಿ ಹೇಳಿದ್ದಾರೆ.

ಸಮಿತಿ ಈಗಾಗಲೇ ಎರಡು ಬಣ. "ನಾಕೌಟ್ ಇಡಿ, ಸೋತವರು ಗಂಟುಮೂಟೆ ಕಟ್ಟಲಿ" ಎನ್ನುವವರು ಒಂದು ಕಡೆ. "ಆಗುಂಬೆಯಿಂದ ಬಾಡಿಗೆ ಜೀಪು ಮಾಡಿಕೊಂಡು ಬಂದ ಹುಡುಗರು ಒಂದೇ ಪಂದ್ಯ ಆಡಿ ವಾಪಸು ಹೋಗಬೇಕೇ?" ಎನ್ನುವವರು ಇನ್ನೊಂದು ಕಡೆ. ನಡುವೆ ಒಬ್ಬರು ಎದ್ದು "ಎಫ್‌ಎ ಕಪ್ ಮಾದರಿಯಲ್ಲಿ ಮಾಡೋಣ" ಎಂದರು. ಹಾಗೆಂದರೆ ಏನು ಎಂದು ಕೇಳಿದ್ದಕ್ಕೆ "ಅದು ದೊಡ್ಡ ಕಥೆ" ಎಂದು ಚಹಾ ಕುಡಿಯಲು ಹೋದರು. ಆ ದೊಡ್ಡ ಕಥೆ ಇಲ್ಲಿ ಯಾರಿಗಾದರೂ ಗೊತ್ತೇ? ಅದು ಹೇಗೆ ಶುರುವಾಯಿತು, ಸಣ್ಣ ಊರಿನ ತಂಡ ಅದರಲ್ಲಿ ಹೇಗೆ ಸೇರುತ್ತದೆ, ನಮ್ಮ ದೇಶದಲ್ಲಿ ಅಂಥದ್ದು ಇದೆಯೇ?

ಕಬಡ್ಡಿಯೇ ಮೊದಲು
ನಾಕೌಟ್. ಇದರಲ್ಲಿ ಯೋಚಿಸುವುದೇನಿದೆ? ನಮ್ಮ ಕಡೆ ಹೊನಲು ಬೆಳಕಿನ ಕಬಡ್ಡಿಯನ್ನು ಲೀಗ್ ಮಾಡಿ ಆಡಿಸಿದವರನ್ನು ನಾನು ಕಂಡಿಲ್ಲ.

ಲೆಕ್ಕದ ಭಟ್ಟರು
ಮೊದಲು ಲೆಕ್ಕ ಹಾಕಿ, ಆಮೇಲೆ ಜಗಳ ಆಡಿ. ನಾಕೌಟ್‌ನಲ್ಲಿ ಒಂದು ಪಂದ್ಯಕ್ಕೆ ಒಂದು ತಂಡ ಹೊರಗೆ. 19ರಲ್ಲಿ 18 ತಂಡ ಹೊರಗೆ ಹೋಗಬೇಕು, ಆದ್ದರಿಂದ 18 ಪಂದ್ಯ. ಮೊದಲು ಮೂರು ಪಂದ್ಯ ಆಡಿಸಿ ಆರು ತಂಡವನ್ನು ಮೂರಕ್ಕೆ ಇಳಿಸಿ. ಉಳಿದ 13 ತಂಡಕ್ಕೆ ಬೈ, ಎಂದರೆ ಆಡದೆಯೇ ಮುಂದಿನ ಸುತ್ತಿಗೆ. ಅಲ್ಲಿಗೆ 16 ಆಯಿತು. ಮುಂದೆ 8, 4, 2, 1. ಒಂದು ಪಂದ್ಯಕ್ಕೆ ವಿರಾಮ, ತಂಡ ಇಳಿಯುವುದು, ಟಾಸು ಎಲ್ಲ ಸೇರಿ 50 ನಿಮಿಷ ಹಿಡಿದರೆ ಒಟ್ಟು 15 ಗಂಟೆ. ಎರಡು ದಿನದಲ್ಲಿ ಆರಾಮ.

ಲೀಗ್ ಬೇಕೆಂದರೆ ಐದೈದರ ಮೂರು ಗುಂಪು, ನಾಲ್ಕರದ್ದು ಒಂದು. ಗುಂಪಿನೊಳಗೆ ಎಲ್ಲರೂ ಎಲ್ಲರೊಂದಿಗೆ ಆಡಬೇಕು. ಗುಂಪಿನ ಪಂದ್ಯಗಳೇ 36. ಸೆಮಿಫೈನಲ್, ಫೈನಲ್ ಸೇರಿ 39. ಸೋಮವಾರ ಪ್ರಾರ್ಥನೆಗೆ ನಿಂತ ಮಕ್ಕಳ ನಡುವೆ ಕಾರ್ನರ್ ಕಿಕ್ ಹೊಡೆಸಬೇಕಾಗುತ್ತದೆ.

ಭದ್ರಾವತಿಯ ಹಳೇ ಗೋಲಿ
ದೊಡ್ಡ ಕಥೆಯನ್ನು ನಾನು ಹೇಳುತ್ತೇನೆ, ಚಹಾ ನೀವು ಕೊಡಿಸಿ.

1871ರ ಜುಲೈ 20. ಲಂಡನ್ನಿನಲ್ಲಿ 'ದಿ ಸ್ಪೋರ್ಟ್ಸ್‌ಮನ್' ಎಂಬ ಪತ್ರಿಕೆಯ ಕಚೇರಿಯಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ನಿನ (ಎಫ್‌ಎ) ಸಭೆ. ಕಾರ್ಯದರ್ಶಿ ಚಾರ್ಲ್ಸ್ ಆಲ್ಕಾಕ್ ಒಂದು ಪ್ರಸ್ತಾವ ಇಟ್ಟ: ಸಂಘಕ್ಕೆ ಸೇರಿದ ಎಲ್ಲ ಕ್ಲಬ್ಬುಗಳೂ ಆಡಬಹುದಾದ ಒಂದು ಚಾಲೆಂಜ್ ಕಪ್ ಮಾಡೋಣ. ಅದೇ ಎಫ್‌ಎ ಕಪ್. ಅವನು ಓದಿದ ಹ್ಯಾರೋ ಶಾಲೆಯಲ್ಲಿ ಹಾಸ್ಟೆಲುಗಳ ನಡುವೆ 'ಸೋತವ ಹೊರಗೆ' ಎನ್ನುವ ಪಂದ್ಯಾವಳಿ ನಡೆಯುತ್ತಿತ್ತು. ಅದನ್ನೇ ಇಡೀ ದೇಶಕ್ಕೆ ಹಿಗ್ಗಿಸಿದ. ಮೊದಲ ವರ್ಷ ಹೆಸರು ಕೊಟ್ಟದ್ದು 15 ತಂಡ. ನಿಮ್ಮದಕ್ಕಿಂತ ನಾಲ್ಕು ಕಡಿಮೆ!

ಫೈನಲ್ ನಡೆದದ್ದು 1872ರ ಮಾರ್ಚ್ 16ರಂದು, ಕೆನ್ಸಿಂಗ್ಟನ್ ಓವಲ್‌ನಲ್ಲಿ. ಸುಮಾರು 2,000 ಜನ. ವಾಂಡರರ್ಸ್ ತಂಡ ರಾಯಲ್ ಎಂಜಿನಿಯರ್ಸ್ ವಿರುದ್ಧ 1–0 ಗೆದ್ದಿತು. ಆಗ ಗೋಲಿಗೆ ಅಡ್ಡಕಂಬ ಇರಲಿಲ್ಲ, ಎರಡು ಕಂಬದ ನಡುವೆ ಪಟ್ಟಿ ಕಟ್ಟುತ್ತಿದ್ದರು. ಗೋಲು ಬಿದ್ದ ಕೂಡಲೇ ತಂಡಗಳು ತುದಿ ಬದಲಿಸುತ್ತಿದ್ದವು. ಎಂಜಿನಿಯರ್ಸ್‌ನ ಕ್ರೆಸ್‌ವೆಲ್ ಎಂಬ ಲೆಫ್ಟಿನೆಂಟಿಗೆ ಆಟ ಶುರುವಾದ ಹತ್ತು ನಿಮಿಷಕ್ಕೆ ಕೊರಳೆಲುಬು ಮುರಿಯಿತು. ಬದಲಿ ಆಟಗಾರ ಎನ್ನುವುದೇ ಇಲ್ಲದ ಕಾಲ. ಪುಣ್ಯಾತ್ಮ ಕೊನೆಯವರೆಗೂ ಮೈದಾನದಲ್ಲೇ ಇದ್ದ.

ಲೆಕ್ಕದ ಭಟ್ಟರು
ಕೆನ್ಸಿಂಗ್ಟನ್ ಅಲ್ಲ, ಕೆನ್ನಿಂಗ್ಟನ್ ಓವಲ್. ಕ್ರಿಕೆಟ್ ಟೆಸ್ಟ್ ನಡೆಯುವ ಅದೇ ಓವಲ್.

ಭದ್ರಾವತಿಯ ಹಳೇ ಗೋಲಿ
ಒಂದು ಅಕ್ಷರಕ್ಕೆ ಬಂದುಬಿಟ್ಟಿರಿ ಭಟ್ಟರೇ. ಆಯಿತು, ಕೆನ್ನಿಂಗ್ಟನ್.

ತುಂಗೆಯ ದಡ
ಈ ಆಲ್ಕಾಕ್ ಯಾವ ತಂಡಕ್ಕೆ ಆಡುತ್ತಿದ್ದ?

ಲೆಕ್ಕದ ಭಟ್ಟರು
ವಾಂಡರರ್ಸ್‌ಗೆ. ನಾಯಕನೇ ಅವನು.

ತುಂಗೆಯ ದಡ
ಹಾಗೆ ಬನ್ನಿ ದಾರಿಗೆ! ಪಂದ್ಯಾವಳಿ ಇಟ್ಟವನೂ ಅವನೇ, ಕಪ್ ಎತ್ತಿದವನೂ ಅವನೇ. ನಮ್ಮ ಹೋಬಳಿಯಲ್ಲಿ ಪ್ರತಿ ವರ್ಷ ನಡೆಯುವುದು ಇದೇ. ಸಂಘಟಕರ ತಂಡಕ್ಕೆ ಮೊದಲ ಸುತ್ತಿನಲ್ಲಿ ಬೈ, ಎರಡನೇ ಸುತ್ತಿನಲ್ಲಿ ಬಡಪಾಯಿ ತಂಡ, ಸೆಮಿಫೈನಲ್ ಹೊತ್ತಿಗೆ ಎದುರಾಳಿಗಳು ಸುಸ್ತು. 1872ರಿಂದಲೇ ಈ ಪದ್ಧತಿ ಇದೆ ಎಂದು ಗೊತ್ತಿರಲಿಲ್ಲ.

ಲೆಕ್ಕದ ಭಟ್ಟರು
ನಗಬೇಡಿ, ವಾಂಡರರ್ಸ್ ಫೈನಲ್ ತಲುಪಿದ ದಾರಿ ಕೇಳಿದರೆ ನಿಮ್ಮ ಹೋಬಳಿಯವರೇ ಸಾಧುಗಳು ಎನಿಸುತ್ತದೆ. ಮೊದಲ ಸುತ್ತು: ಎದುರಾಳಿ ಹ್ಯಾರೋ ಚೆಕರ್ಸ್ ಬರಲೇ ಇಲ್ಲ, ವಾಕೋವರ್. ಎರಡನೇ ಸುತ್ತು: ಕ್ಲ್ಯಾಪಮ್ ರೋವರ್ಸ್ ವಿರುದ್ಧ 3–1. ಕ್ವಾರ್ಟರ್ ಫೈನಲ್: ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಗೋಲಿಲ್ಲದ ಡ್ರಾ, ಆಗಿನ ನಿಯಮದಂತೆ ಎರಡೂ ತಂಡ ಮುಂದಕ್ಕೆ. ಸೆಮಿಫೈನಲ್: ಗ್ಲಾಸ್ಗೋದ ಕ್ವೀನ್ಸ್ ಪಾರ್ಕ್ ವಿರುದ್ಧ ಮತ್ತೆ ಡ್ರಾ. ಮರುಪಂದ್ಯಕ್ಕೆ ಲಂಡನ್ನಿನಲ್ಲಿ ಉಳಿಯಲು ಕ್ವೀನ್ಸ್ ಪಾರ್ಕ್ ಹತ್ತಿರ ದುಡ್ಡಿರಲಿಲ್ಲ, ಊರಿಗೆ ಹೊರಟರು. ಅಲ್ಲಿಗೆ ಫೈನಲ್‌ಗೆ ಮೊದಲು ವಾಂಡರರ್ಸ್ ಮೈದಾನದಲ್ಲಿ ಗೆದ್ದದ್ದು ಒಂದೇ ಪಂದ್ಯ.

ಕಬಡ್ಡಿಯೇ ಮೊದಲು
ಇದನ್ನು ನಮ್ಮ ಸಮಿತಿಯವರಿಗೆ ಓದಿ ಹೇಳಬೇಡಿ. ಆಸೆ ಹುಟ್ಟುತ್ತದೆ.

ಭದ್ರಾವತಿಯ ಹಳೇ ಗೋಲಿ
ಇನ್ನೂ ಒಂದಿದೆ. ಫೈನಲ್‌ನ ಏಕೈಕ ಗೋಲು ಹೊಡೆದವನು ಮಾರ್ಟನ್ ಬೆಟ್ಸ್. ಆದರೆ ಆಟಗಾರರ ಪಟ್ಟಿಯಲ್ಲಿ ಇದ್ದದ್ದು 'ಎ. ಎಚ್. ಚೆಕರ್' ಎಂಬ ಹೆಸರು. ಮೊದಲ ಸುತ್ತಿನಲ್ಲಿ ವಾಂಡರರ್ಸ್‌ಗೆ ವಾಕೋವರ್ ಕೊಟ್ಟ ಹ್ಯಾರೋ ಚೆಕರ್ಸ್ ಇದೆಯಲ್ಲ, ಅವನು ಅಲ್ಲಿಯವನು!

ತುಂಗೆಯ ದಡ
ಬೇರೆ ಹೆಸರಿನಲ್ಲಿ ಇಳಿಸುವ ಹೊರಗಿನ ಆಟಗಾರ. ಅದೂ ಅಲ್ಲಿಂದಲೇ ಬಂತೇ!

ಕೆಲವು ವರ್ಷಗಳ ಹಿಂದೆ ನಮ್ಮ ಕಡೆ ಒಂದು ವಾಲಿಬಾಲ್ ಫೈನಲ್. ಎರಡನೇ ಸೆಟ್ ನಡುವೆ ಒಬ್ಬರು ಅಂಕಣಕ್ಕೆ ನುಗ್ಗಿ "ಈ ಸ್ಮಾಶರ್ ನಮ್ಮ ಪಂಚಾಯಿತಿಯವನೇ ಅಲ್ಲ, ಆಧಾರ್ ತೋರಿಸಿ" ಎಂದು ಕೂಗಿದರು. ಹುಡುಗ ಜೇಬಿನಿಂದ ಕಾರ್ಡು ತೆಗೆದೂ ಕೊಟ್ಟ. ಫೋಟೊದಲ್ಲಿ ಮೀಸೆ ನರೆತ ಮನುಷ್ಯ. ವಯಸ್ಸು ನೋಡಿದರೆ ಹುಡುಗನ ಅಪ್ಪನಿರಬೇಕು. ಬಹುಮಾನ ವಿತರಣೆಗೆ ಬಂದಿದ್ದ ಗಣ್ಯರು ಒಂದು ಗಂಟೆ ವೇದಿಕೆಯ ಮೇಲೆ ಕುಳಿತು ಬೆವರು ಒರೆಸಿಕೊಂಡರು.

ಮಳೆಗಾಡಿನವನು
ಆಧಾರ್ ತಪಾಸಣೆ ಬೆಳಿಗ್ಗೆಯೇ ಮುಗಿಸಬೇಕು ಎಂದು ಬರೆದುಕೊಂಡೆ. ಆ ಗ್ಲಾಸ್ಗೋ ತಂಡದ ಬಗ್ಗೆ ಇನ್ನಷ್ಟು ಹೇಳಿ. ದೂರದವರ ಸಮಸ್ಯೆಯೇ ನಮ್ಮ ಸಮಿತಿಯ ಜಗಳದ ಮೂಲ.

ಲೆಕ್ಕದ ಭಟ್ಟರು
ಕ್ವೀನ್ಸ್ ಪಾರ್ಕ್ ಬಡ ಕ್ಲಬ್. ಕಪ್ ಮಾಡಿಸಲು ಒಂದು ಗಿನಿ ಚಂದಾ ಕೊಟ್ಟಿತ್ತು. ಅವರ ದೂರವನ್ನು ನೋಡಿ ಬೈ ಕೊಟ್ಟರು, ಒಂದು ಎದುರಾಳಿ ತಂಡವೂ ಹಿಂದೆ ಸರಿಯಿತು. ಹೀಗೆ ಒಂದೂ ಪಂದ್ಯ ಆಡದೆ ಸೆಮಿಫೈನಲ್ ತಲುಪಿದರು. ಮುಂದಿನ ವರ್ಷವೂ ಸೆಮಿಫೈನಲ್ ಹಂತದಲ್ಲಿ ಹಿಂದೆ ಸರಿದರು. ಆ ವರ್ಷದ ನಿಯಮ ಇನ್ನೂ ಚೆನ್ನಾಗಿದೆ: 'ಚಾಲೆಂಜ್ ಕಪ್' ಅಲ್ಲವೇ, ಗೆದ್ದವರು ಸುಮ್ಮನೆ ಕುಳಿತಿರಬೇಕು, ಉಳಿದವರೆಲ್ಲ ಬಡಿದಾಡಿ ಒಬ್ಬರು ಸವಾಲಿಗೆ ಬರಬೇಕು. ವಾಂಡರರ್ಸ್ ನೇರ ಫೈನಲ್‌ಗೆ. ಮೈದಾನವನ್ನು ಆರಿಸುವ ಹಕ್ಕೂ ಅವರದೇ. 1873ರಲ್ಲಿ ಮತ್ತೆ ಗೆದ್ದರು. ಆ ನಿಯಮ ಅಲ್ಲಿಗೇ ಮುಗಿಯಿತು.

ಕೊಪ್ಪದ ಕಾಫಿ
ಹಳೆಯದಾಯಿತು, ಈಗಿನದು ಹೇಳಿ. ನಾನು ಟಿವಿಯಲ್ಲಿ ನೋಡುವುದು ಜನವರಿಯ ಮೂರನೇ ಸುತ್ತಿನಿಂದ. ಅದಕ್ಕೆ ಮೊದಲು ಎರಡು ಸುತ್ತು ಇರಬೇಕಲ್ಲವೇ?

ಭದ್ರಾವತಿಯ ಹಳೇ ಗೋಲಿ
ಎರಡಲ್ಲ, ಎಂಟು.

ಆಗಸ್ಟ್‌ನಲ್ಲಿ ಎಕ್ಸ್‌ಟ್ರಾ ಪ್ರಿಲಿಮಿನರಿ ಎಂಬ ಸುತ್ತಿನಿಂದ ಶುರು. ಅಲ್ಲಿ ಆಡುವವರು ಹಗಲು ಬೇರೆ ಕೆಲಸ ಮಾಡುವವರು: ಬಡಗಿ, ಶಾಲೆಯ ಮೇಷ್ಟ್ರು, ವ್ಯಾನ್ ಓಡಿಸುವವನು. ಆಮೇಲೆ ಪ್ರಿಲಿಮಿನರಿ, ಆಮೇಲೆ ನಾಲ್ಕು ಅರ್ಹತಾ ಸುತ್ತು. ಇವೆಲ್ಲ ದಾಟಿ ಉಳಿದ 32 ತಂಡಗಳಿಗೆ ಮೂರನೇ ಮತ್ತು ನಾಲ್ಕನೇ ದರ್ಜೆಯ 48 ವೃತ್ತಿಪರ ತಂಡಗಳು ಸೇರಿ ಮೊದಲ ಸುತ್ತಿಗೆ 80. ಎರಡು ಸುತ್ತು ಕಳೆದರೆ 20. ಆಗ ಪ್ರೀಮಿಯರ್ ಲೀಗ್ ಮತ್ತು ಅದರ ಕೆಳಗಿನ ದರ್ಜೆಯ 44 ತಂಡಗಳು ಬರುತ್ತವೆ. ಒಟ್ಟು 64, ಅದೇ ನೀವು ನೋಡುವ ಮೂರನೇ ಸುತ್ತು. ಒಟ್ಟಾರೆ ಏಳುನೂರಕ್ಕೂ ಹೆಚ್ಚು ಕ್ಲಬ್ಬುಗಳು. 1871ರಲ್ಲಿ ಹೆಸರು ಕೊಟ್ಟಿದ್ದ ಮಾರ್ಲೊ, ಮೇಡನ್‌ಹೆಡ್ ಎಂಬ ಸಣ್ಣ ಊರಿನ ಕ್ಲಬ್ಬುಗಳು ಇಂದಿಗೂ ಈ ಸಾಲಿನಲ್ಲಿ ನಿಲ್ಲುತ್ತವೆ.

ನನ್ನ ಮಟ್ಟಿಗೆ ಆ ಕಪ್‌ನ ಗುಟ್ಟು ಚೀಟಿ ಎತ್ತುವುದರಲ್ಲಿದೆ. ಟೆನಿಸ್ ನೋಡಿ, ಬಲಿಷ್ಠರಿಬ್ಬರನ್ನು ಫೈನಲ್‌ವರೆಗೆ ಬೇರೆ ಬೇರೆ ಇಡುತ್ತಾರೆ. ಇಲ್ಲಿ ಪ್ರತಿ ಸುತ್ತಿಗೂ ಹೊಸದಾಗಿ, ಚೀಟಿಯ ಬದಲು ತಂಡಗಳ ಸಂಖ್ಯೆಯ ಚೆಂಡು ಎತ್ತುತ್ತಾರೆ. ಮೊದಲು ಬಂದ ತಂಡಕ್ಕೆ ತವರು ಮೈದಾನ. ಮ್ಯಾಂಚೆಸ್ಟರ್ ಯುನೈಟೆಡ್ ಆಗಲಿ ಯಾರೇ ಆಗಲಿ, ಸಣ್ಣ ಊರಿನ ಹೆಸರು ಮೊದಲು ಬಂದರೆ ಅಲ್ಲಿಗೇ ಹೋಗಿ ಕೆಸರು ತುಳಿಯಬೇಕು.

ಕೊಪ್ಪದ ಕಾಫಿ
2021ರಲ್ಲಿ ಟಾಟನ್‌ಹ್ಯಾಮ್ ಹೋಗಿತ್ತಲ್ಲ, ಮರೀನ್ ಎಂಬ ಎಂಟನೇ ದರ್ಜೆಯ ತಂಡದ ಮೈದಾನಕ್ಕೆ! ಮೈದಾನಕ್ಕೆ ತಾಗಿದ ಮನೆಗಳ ಹಿತ್ತಿಲಿನಿಂದ ಜನ ನೋಡುತ್ತಿದ್ದರು. ಟಾಟನ್‌ಹ್ಯಾಮ್ 5–0 ಗೆದ್ದಿತು, ಅದು ಬೇರೆ ಮಾತು.

ತುಂಗೆಯ ದಡ
ಸಣ್ಣವರು ಸೋಲುವುದಕ್ಕೆ ಇಷ್ಟೆಲ್ಲ ಏಕೆ?

ಕೊಪ್ಪದ ಕಾಫಿ
ಸೋಲುವುದು ಹೆಚ್ಚು, ಒಪ್ಪಿದೆ. ಆದರೆ 1972ರಲ್ಲಿ ಹೆರೆಫರ್ಡ್ ಎಂಬ, ಮೇಲಿನ ನಾಲ್ಕು ದರ್ಜೆಯ ಲೀಗ್ ಹೊರಗಿನ ತಂಡ ನ್ಯೂಕಾಸಲ್‌ಗೆ 2–1 ಹೊಡೆಯಿತು. ರಾನಿ ರ‍್ಯಾಡ್‌ಫರ್ಡ್ ದೂರದಿಂದ ಹೊಡೆದ ಆ ಗೋಲನ್ನು ನೋಡಿ. ಮೈದಾನ ನಾಟಿಗೆ ಹದ ಮಾಡಿದ ಗದ್ದೆಯಂತಿದೆ. 1988ರಲ್ಲಿ ವಿಂಬಲ್ಡನ್ ಲಿವರ್‌ಪೂಲನ್ನು ಫೈನಲ್‌ನಲ್ಲಿ ಸೋಲಿಸಿತು. 2013ರಲ್ಲಿ ವಿಗನ್ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿ ಕಪ್ ಎತ್ತಿ, ಅದೇ ವಾರ ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬಿತ್ತು. ಮೊನ್ನೆ 2025ರಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಅದೇ ಸಿಟಿಯನ್ನು 1–0 ಸೋಲಿಸಿತು. ಆ ಕ್ಲಬ್ಬಿಗೆ ಅದು ಮೊದಲ ದೊಡ್ಡ ಕಪ್.

ಲೆಕ್ಕದ ಭಟ್ಟರು
ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ: 1872ರಲ್ಲಿ ಆಡಿದ ಕ್ರಿಸ್ಟಲ್ ಪ್ಯಾಲೇಸ್ ಬೇರೆ, ಈಗಿನದು 1905ರಲ್ಲಿ ಹುಟ್ಟಿದ ಕ್ಲಬ್. ಹಳೆಯದರ ವಾರಸುದಾರರು ತಾವೇ ಎಂದು ಅವರು ವಾದಿಸುತ್ತಾರೆ.

ನಿದ್ದೆಗೆಟ್ಟವನು
ಸಾಗರದಲ್ಲಿ ಇವತ್ತು ಕರೆಂಟ್ ಇದೆಯೇ?

ಕಬಡ್ಡಿಯೇ ಮೊದಲು
ಇಲ್ಲ.

ಮಳೆಗಾಡಿನವನು
ವಿಷಯಕ್ಕೆ ಬನ್ನಿ. ನಮ್ಮ ದೇಶದ ಕಥೆ ಏನು?

ಭದ್ರಾವತಿಯ ಹಳೇ ಗೋಲಿ
ನಮ್ಮ ದೇಶದ ಕಥೆಯ ಮೊದಲ ಪುಟದಲ್ಲಿ ಕರ್ನಾಟಕವೇ ಇದೆ, ಇಲ್ಲಿಯ ಹುಡುಗರಿಗೆ ಯಾರೂ ಹೇಳುವುದಿಲ್ಲ. ಫೆಡರೇಷನ್ ಕಪ್ ಎಂಬ ರಾಷ್ಟ್ರೀಯ ಕ್ಲಬ್ ಕಪ್ ಶುರುವಾದದ್ದು 1977ರಲ್ಲಿ, ಎರ್ನಾಕುಲಂನಲ್ಲಿ. ಮೊದಲ ಕಪ್ ಗೆದ್ದವರು ಕೋಲ್ಕತ್ತದ ಮೋಹನ್ ಬಗಾನ್ ಅಲ್ಲ, ಈಸ್ಟ್ ಬೆಂಗಾಲ್ ಅಲ್ಲ. ಬೆಂಗಳೂರಿನ ಐಟಿಐ! ದೂರವಾಣಿ ಕಾರ್ಖಾನೆಯ ತಂಡ. ಫೈನಲ್‌ನಲ್ಲಿ ಮೋಹನ್ ಬಗಾನ್ ವಿರುದ್ಧ 1–0.

ನಾನು ಕಾರ್ಖಾನೆ ಊರಿನಲ್ಲಿ ಬೆಳೆದವನು, ಅದಕ್ಕೇ ಹೆಮ್ಮೆ ಸ್ವಲ್ಪ ಜಾಸ್ತಿ. ಆಗ ಐಟಿಐ, ವಿಮಾನ ಕಾರ್ಖಾನೆ ಎಚ್‌ಎಎಲ್, ರೇಡಾರ್ ಸಂಸ್ಥೆ ಎಲ್‌ಆರ್‌ಡಿಇ ಎಲ್ಲವೂ ಆಟಗಾರರಿಗೆ ನೌಕರಿ ಕೊಡುತ್ತಿದ್ದವು. ಬೆಳಿಗ್ಗೆ ಅಭ್ಯಾಸ, ಹಾಜರಿ ಹಾಕಿ ಪಾಳಿ, ತಿಂಗಳಿಗೆ ಸಂಬಳ, ನಿವೃತ್ತಿಯಾದರೆ ಪಿಂಚಣಿ. ಸರ್ಕಾರಿ ಕಾರ್ಖಾನೆಗಳು ಸೊರಗಿದವು, ತಂಡಗಳೂ ಸೊರಗಿದವು. ಎಚ್‌ಎಎಲ್ ಐ-ಲೀಗ್ ಎಂಬ ರಾಷ್ಟ್ರೀಯ ಲೀಗ್‌ನಲ್ಲಿ 2012ರವರೆಗೆ ತಡೆದುಕೊಂಡಿತು.

ಲೆಕ್ಕದ ಭಟ್ಟರು
1978ರಲ್ಲಿ ಕೊಯಮತ್ತೂರಿನಲ್ಲಿ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಜಂಟಿ ವಿಜೇತರು. ಒಟ್ಟು ಲೆಕ್ಕದಲ್ಲಿ ಬಗಾನ್ 14 ಸಲ, ಈಸ್ಟ್ ಬೆಂಗಾಲ್ 8 ಸಲ. 1997ರ ಸೆಮಿಫೈನಲ್‌ನಲ್ಲಿ ಇವರಿಬ್ಬರೇ ಎದುರಾದಾಗ ಕೋಲ್ಕತ್ತದ ಸಾಲ್ಟ್ ಲೇಕ್ ಮೈದಾನದಲ್ಲಿ ಸುಮಾರು 1,31,000 ಜನ ಇದ್ದರು. ಈಸ್ಟ್ ಬೆಂಗಾಲ್‌ನ ಬೈಚುಂಗ್ ಭುಟಿಯಾ ಹ್ಯಾಟ್ರಿಕ್ ಹೊಡೆದ, ಈಸ್ಟ್ ಬೆಂಗಾಲ್ 4–1 ಗೆದ್ದಿತು. ತಮಾಷೆ ಎಂದರೆ ಕಪ್ ಗೆದ್ದದ್ದು ಅವರಿಬ್ಬರೂ ಅಲ್ಲ, ಗೋವಾದ ಸಾಲ್‌ಗಾಂವ್ಕರ್. ಕೊನೆಯ ಫೆಡರೇಷನ್ ಕಪ್ 2017ರಲ್ಲಿ ಕಟಕ್‌ನಲ್ಲಿ, ಬೆಂಗಳೂರು ಎಫ್‌ಸಿ ಬಗಾನ್ ವಿರುದ್ಧ 2–0. ಮೊದಲನೆಯದೂ ಕೊನೆಯದೂ ಬೆಂಗಳೂರಿಗೆ.

2018ರಿಂದ ಅದರ ಜಾಗದಲ್ಲಿ ಸೂಪರ್ ಕಪ್. ಮೊದಲನೆಯದನ್ನು ಬೆಂಗಳೂರು ಎಫ್‌ಸಿಯೇ ಗೆದ್ದಿತು, ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 4–1. ನಿಯಮ ಮಾತ್ರ ವರ್ಷಕ್ಕೊಂದು. 2018ರಲ್ಲಿ 16ರ ನಾಕೌಟ್. 2023, 2024ರಲ್ಲಿ ಗುಂಪು. 2025ರ ಬೇಸಿಗೆಯಲ್ಲಿ ಮತ್ತೆ ನೇರ ನಾಕೌಟ್, ಗೋವಾ ಗೆದ್ದಿತು. ಗೆದ್ದವರಿಗೆ ಏಷ್ಯಾ ಮಟ್ಟದ ಟೂರ್ನಿಯ ಅರ್ಹತಾ ಪಂದ್ಯಕ್ಕೆ ಹಾದಿ.

ಕೊಪ್ಪದ ಕಾಫಿ
ಡುರಾಂಡ್ ಕಪ್ ಬಿಟ್ಟಿರಿ. 1888, ಶಿಮ್ಲಾ. ನಮ್ಮ ದೇಶದ ಅತಿ ಹಳೆಯ ಫುಟ್‌ಬಾಲ್ ಕಪ್.

ರಿಯಾದಿನ ಮಲೆನಾಡಿಗ
ಸಂತೋಷ್ ಟ್ರೋಫಿಯನ್ನೂ ಬಿಟ್ಟಿರಿ! ರಾಜ್ಯ ತಂಡಗಳದ್ದು, 1941ರಿಂದ. 2023ರ ಮಾರ್ಚ್ 4ರಂದು ಅದರ ಫೈನಲ್ ಇಲ್ಲಿಯೇ, ರಿಯಾದಿನಲ್ಲಿ ನಡೆಯಿತು. ಕರ್ನಾಟಕ 3, ಮೇಘಾಲಯ 2. ಮೈಸೂರು ರಾಜ್ಯ ಎಂದು ಆಡುತ್ತಿದ್ದಾಗ 1968–69ರಲ್ಲಿ ಗೆದ್ದ ಮೇಲೆ 54 ವರ್ಷ ಕಾದು ಬಂದ ಕಪ್. ನಾನು ಸ್ಟ್ಯಾಂಡಿನಲ್ಲಿದ್ದೆ. ಪಕ್ಕದಲ್ಲಿ ಮೇಘಾಲಯದ ನಾಲ್ಕಾರು ನರ್ಸುಗಳು ಡೋಲು ಹಿಡಿದು ಕುಳಿತಿದ್ದರು. ನಮ್ಮ ಮೂರನೇ ಗೋಲು ಬಿದ್ದಾಗ ನಾನು ಎದ್ದು ಕುಣಿದದ್ದನ್ನು ನೋಡಿ, ಡೋಲನ್ನು ನನ್ನ ಕೈಗೇ ಕೊಟ್ಟರು.

ತುಂಗೆಯ ದಡ
ಎಲ್ಲ ಸರಿ, ನನ್ನ ಪ್ರಶ್ನೆ ಬೇರೆ. ಐಟಿಐ ಗೆದ್ದಿತು, ಬೆಂಗಳೂರು ಎಫ್‌ಸಿ ಗೆದ್ದಿತು. ಶಿವಮೊಗ್ಗದ ಒಂದು ತಂಡ ನಾಳೆ ಸೂಪರ್ ಕಪ್‌ಗೆ ಹೆಸರು ಕೊಡಬೇಕೆಂದರೆ ಅರ್ಜಿ ಎಲ್ಲಿ ಹಾಕಬೇಕು? ಎಲ್ಲೂ ಇಲ್ಲ. ಮೇಲಿನ ದರ್ಜೆಯ ಕ್ಲಬ್ಬುಗಳು ಒಂದು ಊರಿಗೆ ಹೋಗಿ ಹೋಟೆಲಿನಲ್ಲಿ ಇಳಿದುಕೊಂಡು ಆಡಿ ಬರುತ್ತವೆ. ಅದಕ್ಕೆ ರಾಷ್ಟ್ರೀಯ ಎಂಬ ಹೆಸರು. ಏಳುನೂರು ಕ್ಲಬ್ ಆಡುವುದು ರಾಷ್ಟ್ರೀಯವೋ, ಹದಿನಾರು ಕ್ಲಬ್ ಆಡುವುದೋ?

ಲೆಕ್ಕದ ಭಟ್ಟರು
ಇಂಗ್ಲೆಂಡ್ ನಮ್ಮ ಕರ್ನಾಟಕಕ್ಕಿಂತ ಚಿಕ್ಕದು ಸ್ವಾಮಿ. ಅಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆಯಲ್ಲಿ. ಇಲ್ಲಿ ಶಿವಮೊಗ್ಗದ ತಂಡಕ್ಕೆ ಮಿಜೋರಾಂನ ಐಜಾಲ್‌ನಲ್ಲಿ ಪಂದ್ಯ ಬಿದ್ದರೆ ರೈಲು, ಬಸ್ಸು, ರಜೆ, ಊಟ ಎಲ್ಲ ಯಾರ ಜೇಬಿನಿಂದ?

ತುಂಗೆಯ ದಡ
ಶುರುವಿನ ಸುತ್ತುಗಳನ್ನು ಜಿಲ್ಲೆಯೊಳಗೆ ಆಡಿಸಿ. ಆಮೇಲೆ ರಾಜ್ಯ. ಐಜಾಲ್ ಬರುವ ಹೊತ್ತಿಗೆ ಉಳಿದಿರುವುದು ಕೆಲವೇ ತಂಡ, ಅಷ್ಟಕ್ಕೆ ಒಕ್ಕೂಟ ದುಡ್ಡು ಕೊಡಲಿ. ಇಂಗ್ಲೆಂಡಿನಲ್ಲೂ ಅರ್ಹತಾ ಸುತ್ತುಗಳ ಚೀಟಿಯನ್ನು ಪ್ರದೇಶವಾರು ಎತ್ತುತ್ತಾರೆ.

ಕೊಪ್ಪದ ಕಾಫಿ
ಫ್ರಾನ್ಸ್ ನೋಡಿ. ಅವರ ಕಪ್‌ನಲ್ಲಿ ಏಳು ಸಾವಿರಕ್ಕೂ ಹೆಚ್ಚು ಕ್ಲಬ್. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದವರೂ ಆಡುತ್ತಾರೆ. ಅಲ್ಲಿನ ಸೇಂಟ್ ಪಿಯರ್ ಊರಿನ ತಂಡ 2020ರಲ್ಲಿ ವಿಮಾನದಲ್ಲಿ ಬಂದು ಎರಡನೇ ದರ್ಜೆಯ ನಿಯಾರ್ ತಂಡವನ್ನು ಸೋಲಿಸಿತು. 2000ದಲ್ಲಿ ಕ್ಯಾಲೇ ಎಂಬ ಬಂದರು ಊರಿನ ಹವ್ಯಾಸಿಗಳು ಫೈನಲ್‌ವರೆಗೆ ಹೋಗಿ ನಾಂಟ್ ತಂಡಕ್ಕೆ 2–1ರಲ್ಲಿ ಸೋತರು. ಎರಡು ದರ್ಜೆ ಕೆಳಗಿನ ತಂಡ ಸಿಕ್ಕರೆ ಪಂದ್ಯ ಆ ಸಣ್ಣವರ ಮೈದಾನದಲ್ಲೇ. ದೂರ ಎನ್ನುವುದು ನೆಪ ಭಟ್ಟರೇ.

ಲೆಕ್ಕದ ಭಟ್ಟರು
ಆ ವಿಮಾನದ ಟಿಕೆಟ್ ದುಡ್ಡು ಎಲ್ಲಿಂದ ಬಂತು ಎಂದೂ ಹೇಳಿ.

ಕೊಡಗಿನ ಅಳಿಯ
ಫ್ರಾನ್ಸ್, ಇಂಗ್ಲೆಂಡ್ ಏಕೆ? ಇಲ್ಲೇ ಕೊಡಗು ಇದೆ.

ನನ್ನ ಮಾವನ ಮನೆ ನಾಪೋಕ್ಲು ಕಡೆ. ಕೊಡವ ಕೌಟುಂಬಿಕ ಹಾಕಿ 1997ರಲ್ಲಿ ಕರಡದಲ್ಲಿ ಶುರುವಾಯಿತು, ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. ಮೊದಲ ವರ್ಷ 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್‌ಗೆ 360 ಕುಟುಂಬ, ಗಿನ್ನೆಸ್ ದಾಖಲೆ. ನಾಕೌಟ್. ಅರ್ಹತೆ ಏನು? ಆ ಮನೆತನದವರಾಗಿರಬೇಕು, ಅಷ್ಟೇ. ಭಾರತಕ್ಕೆ ಆಡಿದವರು ಒಂದು ತಂಡದಲ್ಲಿ, ಎದುರಿನ ತಂಡದಲ್ಲಿ ಅರವತ್ತು ದಾಟಿದ ಅಜ್ಜ, ಹೈಸ್ಕೂಲು ಹುಡುಗಿ. ಮೊದಲ ಸುತ್ತಿನಲ್ಲೇ ಸೋತ ಮನೆಯವರು ಬೇಸರ ಮಾಡಿಕೊಂಡು ಹೋಗುವುದಿಲ್ಲ. ಬಂದ ನೆಂಟರೊಂದಿಗೆ ಅಲ್ಲೇ ಕುಳಿತು ಮುಂದಿನ ಪಂದ್ಯ ನೋಡುತ್ತಾರೆ. ಪ್ರತಿ ವರ್ಷ ಒಂದೊಂದು ಕುಟುಂಬ ಹೊಣೆ ಹೊರುತ್ತದೆ, ಖರ್ಚಿಗೆ ಎಲ್ಲ ಕಡೆಯಿಂದ ಹೊಂದಿಸುತ್ತಾರೆ. ಒಂದೇ ಪಂದ್ಯ ಆಡಿ ಹೋಗಬೇಕೇ ಎಂದು ಕೇಳಿದ ನಿಮ್ಮ ಸಮಿತಿಯವರನ್ನು ಒಮ್ಮೆ ಅಲ್ಲಿಗೆ ಕಳಿಸಿ.

ತುಂಗೆಯ ದಡ
ಇದು ಬಿಟ್ಟು ಹೋಗಿತ್ತು ನೋಡಿ. ಬಾಗಿಲು ತೆರೆದಿಟ್ಟರೆ ಜನ ತಾವಾಗಿಯೇ ಬರುತ್ತಾರೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

ಲೆಕ್ಕದ ಭಟ್ಟರು
ಅದು ಒಂದೇ ಜಿಲ್ಲೆ, ಒಂದೇ ಸಮುದಾಯ, ಒಂದೇ ಊರಿನಲ್ಲಿ ನಡೆಯುವ ಹಬ್ಬ. ದೇಶದ ಕಪ್‌ಗೆ ಹೋಲಿಸಬೇಡಿ. ಆದರೂ ಮಳೆಗಾಡಿನವರ ಪಂದ್ಯಾವಳಿಗೆ ಎಫ್‌ಎ ಕಪ್‌ಗಿಂತ ಹತ್ತಿರದ್ದು ಇದೇ, ಅಷ್ಟನ್ನು ಒಪ್ಪುತ್ತೇನೆ.

ಸಾಗರದ ಪಿ.ಟಿ. ಟೀಚರ್
ಇಷ್ಟು ಹೊತ್ತು ಓದಿದೆ. ಹೈಸ್ಕೂಲು ಹುಡುಗಿ ಎಂಬ ಮಾತು ಈಗಷ್ಟೇ ಬಂತು, ಅದೂ ಹಾಕಿಯಲ್ಲಿ! 19 ತಂಡಗಳಲ್ಲಿ ಹೆಣ್ಣುಮಕ್ಕಳ ತಂಡ ಎಷ್ಟು?

ನೀವೆಲ್ಲ ಹೊಗಳುತ್ತಿರುವ ಆ ಅಸೋಸಿಯೇಷನ್ 1921ರ ಡಿಸೆಂಬರ್‌ನಲ್ಲಿ ಏನು ಮಾಡಿತು ಗೊತ್ತೇ? ಹಿಂದಿನ ವರ್ಷ ಡಿಸೆಂಬರ್ 26ರಂದು ಡಿಕ್, ಕೆರ್ ಎಂಬ ಕಾರ್ಖಾನೆಯ ಹೆಣ್ಣುಮಕ್ಕಳ ತಂಡದ ಆಟಕ್ಕೆ ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ 53,000 ಜನ ಸೇರಿದ್ದರು. ಮರುವರ್ಷ "ಈ ಆಟ ಹೆಂಗಸರಿಗೆ ತಕ್ಕದ್ದಲ್ಲ" ಎಂದು ತೀರ್ಮಾನಿಸಿ, ಸಂಘದ ಯಾವ ಮೈದಾನವನ್ನೂ ಅವರಿಗೆ ಕೊಡಬಾರದೆಂದು ಹುಕುಂ ಹೊರಡಿಸಿದರು. ಐವತ್ತು ವರ್ಷ ಹಾಗೇ ನಡೆಯಿತು. ಮಹಿಳೆಯರ ಕಪ್ ಶುರುವಾದದ್ದು 1970–71ರಲ್ಲಿ, ಮೊದಲು ಗೆದ್ದವರು ಸೌತಾಂಪ್ಟನ್. ಬಾಗಿಲು ತೆರೆದಿದೆ ಎಂದು ಭಾಷಣ ಮಾಡುವವರು ಯಾರಿಗೆ ತೆರೆದಿದೆ ಎಂದೂ ಹೇಳಬೇಕು.

ಮಳೆಗಾಡಿನವನು
ಟೀಚರ್, ಹೆಣ್ಣುಮಕ್ಕಳ ತಂಡ ಹೆಸರು ಕೊಟ್ಟಿಲ್ಲ.

ಸಾಗರದ ಪಿ.ಟಿ. ಟೀಚರ್
ಕರೆದಿದ್ದೀರಾ? ನಿಮ್ಮ ಕರಪತ್ರದಲ್ಲಿ 'ಯುವಕರ' ಎಂದೇ ಅಚ್ಚಾಗಿರುತ್ತದೆ. ನನ್ನ ಬಳಿ ಒಂದು ತಂಡ ಇದೆ, ಹೊಸನಗರದ ಗೆಳತಿಯ ಶಾಲೆಯಲ್ಲಿ ಇನ್ನೊಂದು. ಭಾನುವಾರ ಎರಡು ಸೆಮಿಫೈನಲ್ ನಡುವೆ ಒಂದು ಪಂದ್ಯ ಇಡಿ. ಬಸ್ ಖರ್ಚು ಮತ್ತು ಬಟ್ಟೆ ಬದಲಿಸಲು ಬೀಗ ಇರುವ ಒಂದು ಕೊಠಡಿ, ಬೇರೇನೂ ಕೇಳುವುದಿಲ್ಲ.

ಭದ್ರಾವತಿಯ ಹಳೇ ಗೋಲಿ
ಡಿಕ್, ಕೆರ್ ಕೂಡ ಕಾರ್ಖಾನೆ ತಂಡ! ಟೀಚರ್, ಆ ಪಂದ್ಯಕ್ಕೆ ನಾನೇ ರೆಫ್ರಿ.

ಕಬಡ್ಡಿಯೇ ಮೊದಲು
ನಿಮ್ಮ ಮಂಡಿ ಒಪ್ಪಬೇಕಲ್ಲ ಅಣ್ಣ.

ಮಳೆಗಾಡಿನವನು
ಟೀಚರ್ ಪಂದ್ಯ ಸೇರಿಸಿದ್ದೇನೆ, ಕೊಠಡಿಗೆ ಮುಖ್ಯೋಪಾಧ್ಯಾಯರನ್ನು ಕೇಳುತ್ತೇನೆ. ಈಗ ಉಳಿದ ತಲೆನೋವು: ಸಮ ಆದರೆ ಏನು ಮಾಡುವುದು? ಹೆಚ್ಚುವರಿ ಸಮಯ ಕೊಟ್ಟರೆ ಭಟ್ಟರ 50 ನಿಮಿಷ ಹಳಿ ತಪ್ಪುತ್ತದೆ.

ಲೆಕ್ಕದ ಭಟ್ಟರು
ನೇರ ಪೆನಾಲ್ಟಿ. ಹಿಂದೆ ಎಫ್‌ಎ ಕಪ್‌ನಲ್ಲಿ ಗೆಲುವು ತೀರ್ಮಾನವಾಗುವವರೆಗೆ ಮರುಪಂದ್ಯ ಆಡಿಸುತ್ತಲೇ ಇರುತ್ತಿದ್ದರು. 1971ರಲ್ಲಿ ಆಲ್ವ್‌ಚರ್ಚ್, ಆಕ್ಸ್‌ಫರ್ಡ್ ಸಿಟಿ ಎಂಬ ಎರಡು ಸಣ್ಣ ತಂಡಗಳು ಒಂದೇ ಅರ್ಹತಾ ಸುತ್ತಿಗಾಗಿ ಆರು ಪಂದ್ಯ ಆಡಿದವು, ಒಟ್ಟು 11 ಗಂಟೆ. ಆರನೆಯದರಲ್ಲಿ ಆಲ್ವ್‌ಚರ್ಚ್ 1–0. 1991–92ರಿಂದ ಒಂದು ಮರುಪಂದ್ಯ, ಆಮೇಲೆ ಪೆನಾಲ್ಟಿ. 2024–25ರಿಂದ ಮೊದಲ ಸುತ್ತಿನಿಂದಲೇ ಮರುಪಂದ್ಯ ಇಲ್ಲ.

ಕೊಪ್ಪದ ಕಾಫಿ
ಅದನ್ನು ತೆಗೆದದ್ದು ದೊಡ್ಡ ಕ್ಲಬ್ಬುಗಳ ಅನುಕೂಲಕ್ಕೆ. ಯುರೋಪಿನ ಪಂದ್ಯಗಳು ಹೆಚ್ಚಾದವು, ಇವರಿಗೆ ದಿನ ಸಿಗಲಿಲ್ಲ. ಸಣ್ಣವರ ಹೊಟ್ಟೆಗೆ ಬಿತ್ತು ಪೆಟ್ಟು. 2005ರಲ್ಲಿ ಎಕ್ಸೆಟರ್ ಸಿಟಿ ಲೀಗ್ ಹೊರಗಿತ್ತು, ಮೈತುಂಬ ಸಾಲ. ಮ್ಯಾಂಚೆಸ್ಟರ್ ಯುನೈಟೆಡ್ ಮೈದಾನಕ್ಕೆ ಹೋಗಿ 0–0 ಮಾಡಿಕೊಂಡು ಬಂತು. ಮರುಪಂದ್ಯದಲ್ಲಿ 2–0 ಸೋತರೂ ಎರಡು ಪಂದ್ಯದ ಟಿಕೆಟ್ ಹಣದ ಪಾಲಿನಿಂದ ಕ್ಲಬ್ ಉಸಿರಾಡಿತು. ಇನ್ನು ಮುಂದೆ ಅಂಥದ್ದು ಆಗುವುದಿಲ್ಲ.

ತುಂಗೆಯ ದಡ
ಭಟ್ಟರು ಇದಕ್ಕೂ ಒಂದು ಲೆಕ್ಕ ಕೊಡಲಿ.

ಲೆಕ್ಕದ ಭಟ್ಟರು
ಇಲ್ಲ, ಇದರಲ್ಲಿ ನಾನು ಕಾಫಿಯವರ ಕಡೆ. ದೇಶದ ಕಪ್‌ನಲ್ಲಿ ಮರುಪಂದ್ಯ ಇರಬೇಕಿತ್ತು. ಶಾಲಾ ಮೈದಾನದ ಎರಡು ದಿನದ ಪಂದ್ಯಾವಳಿಗೆ ಪೆನಾಲ್ಟಿಯೇ ಸರಿ.

ಮಳೆಗಾಡಿನವನು
ನಿನ್ನೆ ರಾತ್ರಿ ಸಮಿತಿ ಸೇರಿತ್ತು. ಈ ಚರ್ಚೆಯನ್ನು ಓದಿ ಹೇಳಿದೆ. ತೀರ್ಮಾನ: ನಾಕೌಟ್, ಸುತ್ತಿಗೊಂದು ಸಲ ಎಲ್ಲರ ಎದುರಿಗೆ ಚೀಟಿ, ಸಮವಾದರೆ ಪೆನಾಲ್ಟಿ. ಮೊದಲ ಮೂರು ಪಂದ್ಯಕ್ಕೆ ಹತ್ತಿರದ ಆರು ತಂಡಗಳನ್ನು ಹಾಕಿ, ಆಗುಂಬೆ ಕಡೆಯವರಿಗೆ ಬೈ. ಬೆಳಿಗ್ಗೆ ಏಳಕ್ಕೆ ಅವರು ಬಂದು ತಲುಪುವುದು ಆಗದ ಮಾತು. ಮೊದಲ ಪಂದ್ಯದಲ್ಲೇ ಸೋತ ತಂಡಗಳಿಗೆ ಭಾನುವಾರ ಬೆಳಿಗ್ಗೆ ಪಕ್ಕದ ಚಿಕ್ಕ ಅಂಗಳದಲ್ಲಿ ಹತ್ತು ಹತ್ತು ನಿಮಿಷದ ಇನ್ನೊಂದು ಆಟ, ಕಪ್ ಇಲ್ಲ, ಎರಡು ಬಾಳೆಗೊನೆ ಬಹುಮಾನ. ಆಧಾರ್ ಬೆಳಿಗ್ಗೆಯೇ. ಸಂಘಟಕರ ತಂಡಕ್ಕೆ ಬೈ ಇಲ್ಲ.

ತುಂಗೆಯ ದಡ
ಕೊನೆಯ ವಾಕ್ಯ ಯಾರು ಸೇರಿಸಿದ್ದು?

ಮಳೆಗಾಡಿನವನು
ನಾನೇ. ಅದಕ್ಕೆ ನಮ್ಮ ತಂಡದ ನಾಯಕ ಮಾತು ಬಿಟ್ಟಿದ್ದಾನೆ. ಗೋಲಿನ ಬಲೆ ಇನ್ನೂ ಸಿಕ್ಕಿಲ್ಲ. ಯಾರ ಹತ್ತಿರವಾದರೂ ಒಂದು ಜೊತೆ ಇದೆಯೇ? ಬಾಡಿಗೆ ಕೊಡುತ್ತೇವೆ.

ಸಾಗರದ ಪಿ.ಟಿ. ಟೀಚರ್
ನಮ್ಮ ಶಾಲೆಯಲ್ಲಿ ಇದೆ. ಒಂದು ಕಡೆ ಇಲಿ ಕಡಿದಿದೆ, ನೈಲಾನ್ ದಾರ ತಂದರೆ ಹುಡುಗಿಯರೇ ಹೊಲಿಯುತ್ತಾರೆ. ಬಾಡಿಗೆ ಬೇಡ, ಕೊಠಡಿಯ ಬೀಗದ ಕೈ ಶನಿವಾರವೇ ನನ್ನ ಕೈಗೆ ಕೊಡಿ.